ಆನೆಯ ಮಗ್ಗುಲಲ್ಲಿ ಒಂದು ಮನೆ
ಕೆನಡಾದ ಟೆಲಿವಿಷನ್ ನಾಟಕಗಳು ಹೇಳುವ ರಾಷ್ಟ್ರಕಥೆ

೧೯೫೨ನೆಯ ಇಸವಿ ಸೆಪ್ಟೆಂಬರ್ ೮ರ ಸಂಜೆ. ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಜನರು ಟೆಲಿವಿಷನ್ ಪೆಟ್ಟಿಗೆಯ ಮುಂದೆ ಕಾತರದಿಂದ ಕುಳಿತಿದ್ದಾರೆ. ಎರಡು ದಿನಗಳ ಹಿಂದೆಯಷ್ಟೇ ಮಾಂಟ್ರಿಯಲ್ ನಗರದಲ್ಲಿ ದೇಶದ ಮೊದಲ ಕೇಂದ್ರ ಕಣ್ಣು ತೆರೆದಿದೆ. ಇಂದು ಟೊರಾಂಟೊ ಕೇಂದ್ರದ ಸರದಿ. ಪರದೆ ಬೆಳಗಿತು. ರಾಷ್ಟ್ರೀಯ ಪ್ರಸಾರ ನಿಗಮವಾದ ಸಿ.ಬಿ.ಸಿ.ಯ ಲಾಂಛನ ಮೂಡಿತು. ಆದರೆ ಅದು ಮೂಡಿದ್ದು ತಲೆಕೆಳಗಾಗಿ!

ತಲೆಕೆಳಗಾದ ಲಾಂಛನವನ್ನು ನೆಟ್ಟಗೆ ನಿಲ್ಲಿಸಲು ಎಷ್ಟು ಹೊತ್ತು ಬೇಕು? ಆದರೆ ಅದಕ್ಕಿಂತ ದೊಡ್ಡ ತೊಡಕೊಂದು ಆ ಮನೆಗಳಲ್ಲಿ ಅದಾಗಲೇ ಬಂದು ಕುಳಿತಿತ್ತು. ಕೆನಡಾದ ಟೆಲಿವಿಷನ್ ಹುಟ್ಟುವುದಕ್ಕೆ ಮೊದಲೇ ಕೆನಡಾದ ಜನರು ಟೆಲಿವಿಷನ್ ಪೆಟ್ಟಿಗೆಗಳನ್ನು ಕೊಂಡಿದ್ದರು. ಒಂಟಾರಿಯೊ ಸರೋವರದ ಆಚೆ, ಅಮೆರಿಕ ಸಂಯುಕ್ತ ಸಂಸ್ಥಾನದ ಬಫಲೊ ನಗರದಲ್ಲಿ ೧೯೪೮ರಿಂದಲೇ ಪ್ರಸಾರ ನಡೆದಿತ್ತು. ಮನೆಯ ಮಾಡಿನ ಮೇಲೆ ಏರಿಯಲ್ ನೆಟ್ಟು ಅದರ ಮುಖವನ್ನು ದಕ್ಷಿಣಕ್ಕೆ ತಿರುಗಿಸಿದರೆ ಸಾಕು, ಅಮೆರಿಕದ ಹಾಡು, ಹಾಸ್ಯ, ನಾಟಕಗಳೆಲ್ಲ ನಡುಮನೆಗೆ ಬಂದಿಳಿಯುತ್ತಿದ್ದವು. ಹೀಗೆ ಮನೆಯ ಮಕ್ಕಳು ನೆರೆಮನೆಯ ಅಜ್ಜಿಯ ಕಥೆಗಳನ್ನು ಬಾಯಿಪಾಠ ಮಾಡಿಕೊಂಡ ಮೇಲೆ, ಅವರ ಸ್ವಂತ ಅಜ್ಜಿ ಬಾಯಿ ತೆರೆಯಬೇಕಾಗಿ ಬಂದಿತು.

ಆ ಅಜ್ಜಿಯ ಕಥೆಯನ್ನು ಮಕ್ಕಳು ಕೇಳಿದರೆ? ಕೇಳಿದರೂ ಅದು ತಮ್ಮದೇ ಎಂದು ಗುರುತಿಸಿದರೆ? ಎಪ್ಪತ್ತು ವರ್ಷಗಳನ್ನು ಮೀರಿದ ಕೆನಡಾದ ಟೆಲಿವಿಷನ್ ನಾಟಕದ ಇತಿಹಾಸವೆಲ್ಲ ಈ ಎರಡು ಪ್ರಶ್ನೆಗಳ ಸುತ್ತ ಹೆಣೆದುಕೊಂಡಿದೆ.

ಹತ್ತರಷ್ಟು ದೊಡ್ಡ ನೆರೆಮನೆ

ಭೂವಿಸ್ತಾರದಲ್ಲಿ ಕೆನಡಾ ಜಗತ್ತಿನ ಎರಡನೆಯ ದೊಡ್ಡ ದೇಶ. ಜನಸಂಖ್ಯೆಯಲ್ಲಾದರೋ ಅದು ಅಮೆರಿಕದ ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಆ ಜನರಲ್ಲಿಯೂ ಬಹುಪಾಲು ಮಂದಿ ದಕ್ಷಿಣದ ಗಡಿಗೆ ಅಂಟಿಕೊಂಡಂತೆ ವಾಸಿಸುತ್ತಾರೆ. ಹೆಚ್ಚಿನವರ ಭಾಷೆ ನೆರೆಯವರ ಭಾಷೆಯೇ ಆದ ಇಂಗ್ಲಿಷ್. ನಡುವೆ ಬೆಟ್ಟವಿಲ್ಲ, ಕಡಲಿಲ್ಲ, ಭಾಷೆಯ ಗೋಡೆಯೂ ಇಲ್ಲ. ೧೯೬೯ರಲ್ಲಿ ವಾಷಿಂಗ್ಟನ್ ನಗರಕ್ಕೆ ಹೋಗಿದ್ದ ಪ್ರಧಾನಿ ಪಿಯರ್ ಎಲಿಯಟ್ ಟ್ರೂಡೊ ಅವರು ಅಲ್ಲಿಯ ಪತ್ರಕರ್ತರ ಮುಂದೆ ಈ ಸ್ಥಿತಿಯನ್ನು ಆನೆಯ ಮಗ್ಗುಲಲ್ಲಿ ಮಲಗುವುದಕ್ಕೆ ಹೋಲಿಸಿದರು. ಆನೆ ಎಷ್ಟೇ ಸಾಧುವಾಗಿರಲಿ, ಅದು ಒಮ್ಮೆ ಮಿಸುಕಿದರೂ ಪಕ್ಕದಲ್ಲಿ ಮಲಗಿದವನಿಗೆ ನಿದ್ರೆಯಿಲ್ಲ ಎಂಬುದು ಅವರ ಮಾತಿನ ಸಾರ.

ಈ ಎಚ್ಚರ ರೇಡಿಯೊ ಕಾಲದಿಂದಲೇ ಇದ್ದುದು. ೧೯೩೦ರಲ್ಲಿ ಗ್ರಹಾಂ ಸ್ಪ್ರೈ, ಅಲನ್ ಪ್ಲಾಂಟ್ ಎಂಬ ಇಬ್ಬರು ತರುಣರು ಒಂದು ರೇಡಿಯೊ ಸಂಘವನ್ನು ಕಟ್ಟಿ ಊರೂರಿನಲ್ಲಿ ಜನಾಭಿಪ್ರಾಯ ಮೂಡಿಸಿದರು. ಆಕಾಶವಾಣಿ ಒಂದೋ ನಮ್ಮ ಸರಕಾರದ ಆಶ್ರಯದಲ್ಲಿರಬೇಕು, ಇಲ್ಲವೇ ಅದು ಅಮೆರಿಕದ ಪಾಲಾಗುತ್ತದೆ. ಮೂರನೆಯ ದಾರಿಯಿಲ್ಲ ಎಂಬುದು ಅವರ ವಾದ. ೧೯೩೬ರಲ್ಲಿ ಸ್ಥಾಪನೆಗೊಂಡ ಸಿ.ಬಿ.ಸಿ. ಈ ವಾದದ ಫಲ. ಟೆಲಿವಿಷನ್ ಬಂದಾಗ ಅದೇ ಸಂಸ್ಥೆಯ ಹೆಗಲಿಗೆ ಹೊಸ ಹೊರೆ ಬಿದ್ದಿತು.

ಹೊರೆ ಎಂದೆವು, ಅದು ಬರಿಯ ಅಲಂಕಾರದ ಮಾತಲ್ಲ. ಅಮೆರಿಕದಲ್ಲಿ ತಯಾರಾದ ನಾಟಕದ ಖರ್ಚೆಲ್ಲ ಅಲ್ಲಿಯ ಅಗಾಧವಾದ ಪ್ರೇಕ್ಷಕ ಸಮುದಾಯದಿಂದಲೇ ಹುಟ್ಟಿಬಿಡುತ್ತದೆ. ಆದ್ದರಿಂದ ಅದನ್ನು ಕೆನಡಾಕ್ಕೆ ಅಗ್ಗದ ದರದಲ್ಲಿ ಮಾರಿದರೂ ಬಂದದ್ದೆಲ್ಲ ಲಾಭವೇ. ಅಂಥದೇ ಒಂದು ನಾಟಕವನ್ನು ಕೆನಡಾದಲ್ಲಿ ಹೊಸದಾಗಿ ಮಾಡಬೇಕಾದರೆ ಅದಕ್ಕಿಂತ ಎಷ್ಟೋ ಪಾಲು ಹಣ ಬೇಕು. ವರ್ತಕನ ಲೆಕ್ಕದಲ್ಲಿ ಕೊಂಡು ತೋರಿಸುವುದೇ ಜಾಣತನ. ಸ್ವಂತ ಕಥೆ ಹೇಳುವುದು ನಷ್ಟದ ಬಾಬು. ಈ ನಷ್ಟವನ್ನು ಯಾರು ಹೊರಬೇಕು, ಏತಕ್ಕಾಗಿ ಹೊರಬೇಕು ಎಂಬ ಚರ್ಚೆ ಆ ದೇಶದಲ್ಲಿ ಇಂದಿಗೂ ಮುಗಿದಿಲ್ಲ.

ಎರಡು ಭಾಷೆ, ಒಂದೇ ಅಡುಗೆಮನೆ

ಮೊದಲ ದೊಡ್ಡ ಗೆಲುವು ಬಂದುದು ಫ್ರೆಂಚ್ ಭಾಷೆಯಿಂದ. ೧೯೫೩ರಲ್ಲಿ 'ಲಾ ಫಮೀಯ್ ಪ್ಲೂಫ್' ಎಂಬ ಧಾರಾವಾಹಿ ನಾಟಕ ಪ್ರಾರಂಭವಾಯಿತು. 'ಪ್ಲೂಫ್ ಮನೆಯವರು' ಎಂದು ಅದರ ಅರ್ಥ. ರೋಜೆ ಲೆಮೆಲೆನ್ ಎಂಬ ಲೇಖಕರು ೧೯೪೮ರಲ್ಲಿ ಬರೆದಿದ್ದ ಕಾದಂಬರಿಯಿಂದ ಬೆಳೆದ ಕಥೆ ಇದು. ಕ್ವಿಬೆಕ್ ನಗರದ ತಗ್ಗಿನ ಪೇಟೆಯಲ್ಲಿ ವಾಸಿಸುವ ದುಡಿಮೆಗಾರ ಕುಟುಂಬ. ತಂದೆ ತೆಯೋಫಿಲ್ ಒಂದು ಕಾಲಕ್ಕೆ ಬೈಸಿಕಲ್ ಪಂದ್ಯಗಳಲ್ಲಿ ಗೆದ್ದು ಹೆಸರಾದವನು. ತಾಯಿ ಜೋಸೆಫೀನ್ ಎಲ್ಲರನ್ನೂ ರೆಕ್ಕೆಯ ಕೆಳಗೆ ಇಟ್ಟುಕೊಳ್ಳುವ ಗಟ್ಟಿಗಿತ್ತಿ. ಮಕ್ಕಳಲ್ಲಿ ಒಬ್ಬನಿಗೆ ಸಂಗೀತದ ಹುಚ್ಚು, ಒಬ್ಬನಿಗೆ ಆಟದ ಹುಚ್ಚು. ಕೋಪ, ಹಟ, ಪ್ರೇಮ, ಪ್ರಾರ್ಥನೆ ಎಲ್ಲವೂ ಅಡುಗೆಮನೆಯ ಮೇಜಿನ ಸುತ್ತಲೇ ನಡೆಯಬೇಕು.

ತಮ್ಮ ಮನೆಯ ಮಾತು, ತಮ್ಮ ಮನೆಯ ಜಗಳ ಪರದೆಯ ಮೇಲೆ ಕಾಣಿಸಿಕೊಂಡಾಗ ಕ್ವಿಬೆಕ್ ಪ್ರಾಂತದ ಜನ ಅದನ್ನು ಎದೆಗೆ ಅಪ್ಪಿಕೊಂಡರು. ಇದನ್ನು ಕಂಡ ಸಿ.ಬಿ.ಸಿ. ೧೯೫೪ರಲ್ಲಿ ಒಂದು ಸಾಹಸಕ್ಕೆ ಕೈಹಾಕಿತು. ಆಗ ನಾಟಕಗಳನ್ನು ಮುದ್ರಿಸಿಟ್ಟುಕೊಳ್ಳುವ ರೂಢಿ ಇನ್ನೂ ಬಂದಿರಲಿಲ್ಲ. ನಟರು ಕ್ಯಾಮರಾದ ಮುಂದೆ ಆಡಿದ್ದು ಆ ಕ್ಷಣವೇ ಮನೆಗಳನ್ನು ಮುಟ್ಟುತ್ತಿತ್ತು. ಪ್ಲೂಫ್ ಕುಟುಂಬದ ಅದೇ ನಟನಟಿಯರು ವಾರದಲ್ಲಿ ಒಂದು ಸಂಜೆ ಫ್ರೆಂಚಿನಲ್ಲಿ ಆಡಿದ ಕಥೆಯನ್ನು ಅದೇ ವಾರದ ಇನ್ನೊಂದು ಸಂಜೆ ಇಂಗ್ಲಿಷಿನಲ್ಲಿ ಆಡಿದರು. ಒಂದು ನಾಲಗೆಗೆ ಹುಟ್ಟಿನಿಂದ ಬಂದ ಭಾಷೆ, ಇನ್ನೊಂದಕ್ಕೆ ಕಷ್ಟಪಟ್ಟು ಕಲಿತ ಭಾಷೆ. ಐದು ವರ್ಷ ಈ ದುಡಿಮೆ ಸಾಗಿತು. ಒಂದು ದೇಶದ ಎರಡು ಭಾಷೆಯ ಜನರು ಒಂದೇ ಕುಟುಂಬದ ಕಥೆಗೆ ನಗುವ, ಅಳುವ ದಿನ ಬರಲಿ ಎಂಬುದು ಅದರ ಹಿಂದಿನ ಆಸೆ.

ಆಸೆ ಎಷ್ಟು ದೂರ ಕೈಗೂಡಿತು? ೧೯೫೮ರ ಡಿಸೆಂಬರಿನಲ್ಲಿ ಮಾಂಟ್ರಿಯಲ್ ಕೇಂದ್ರದ ಫ್ರೆಂಚ್ ನಿರ್ಮಾಪಕರು ಮುಷ್ಕರ ಹೂಡಿದರು. ಅದು ಎರಡು ತಿಂಗಳಿಗೂ ಮೀರಿ ನಡೆಯಿತು. ಫ್ರೆಂಚ್ ಪ್ರಸಾರ ಅಸ್ತವ್ಯಸ್ತವಾಯಿತಾದರೂ ಒಟ್ಟಾವದಲ್ಲಿ ಕುಳಿತ ಅಧಿಕಾರಿಗಳಿಗೆ ಅದರ ಬಿಸಿ ಬೇಗನೆ ತಟ್ಟಲಿಲ್ಲವೆಂಬ ಕಹಿ ಅನೇಕರ ಮನಸ್ಸಿನಲ್ಲಿ ಉಳಿಯಿತು. ಅವರಲ್ಲಿ ಒಬ್ಬರು ಆಗ ಟೆಲಿವಿಷನ್ನಿನ ಹೆಸರಾಂತ ವಾರ್ತಾ ನಿರೂಪಕರಾಗಿದ್ದ ರೆನೆ ಲೆವೆಕ್. ಮುಂದೆ ೧೯೬೮ರಲ್ಲಿ ಕ್ವಿಬೆಕ್ ಸ್ವಾತಂತ್ರ್ಯದ ಪಕ್ಷವನ್ನು ಕಟ್ಟಿ, ೧೯೭೬ರಲ್ಲಿ ಆ ಪ್ರಾಂತದ ಮುಖ್ಯಮಂತ್ರಿಯಾದವರು ಅವರೇ. ದೇಶವನ್ನು ಬೆಸೆಯಲೆಂದು ಹುಟ್ಟಿದ ಮಾಧ್ಯಮವೇ ಬಿರುಕನ್ನೂ ಬೆಳಕಿಗೆ ತಂದಿತು.

೧೯೮೬ರಲ್ಲಿ ಇನ್ನೊಮ್ಮೆ ಅದೇ ಪ್ರಯೋಗ ನಡೆಯಿತು. ಐಸ್ ಹಾಕಿ ಆಟಗಾರರ ಬದುಕನ್ನು ಕುರಿತ 'ಲಾನ್ಸ್ ಎ ಕೋಂಟ್' ಎಂಬ ನಾಟಕವನ್ನು ಎರಡೂ ಭಾಷೆಗಳಲ್ಲಿ ಚಿತ್ರಿಸಿದರು. ಹಾಕಿಯಂಥ ಆಟದ ವಿಷಯದಲ್ಲಾದರೂ ಇಡೀ ದೇಶಕ್ಕೆ ಒಂದೇ ಮನಸ್ಸಿರಬೇಕಲ್ಲವೆ? ಫ್ರೆಂಚ್ ರೂಪ ಅಪಾರ ಜನಪ್ರಿಯತೆ ಗಳಿಸಿ ಮುಂದುವರಿಯಿತು. ಇಂಗ್ಲಿಷ್ ರೂಪ ಮೊದಲ ಸರಣಿಯೊಡನೆಯೇ ನಿಂತುಹೋಯಿತು. ಫ್ರೆಂಚ್ ಕೆನಡಾಕ್ಕೆ ಭಾಷೆಯೇ ಕೋಟೆ; ಇಂಗ್ಲಿಷ್ ಕೆನಡಾಕ್ಕೆ ಅಂಥ ಕೋಟೆಯಿಲ್ಲ. ತಾನು ಯಾರು ಎಂಬ ಪ್ರಶ್ನೆ ಹೆಚ್ಚಾಗಿ ಕಾಡುವುದು ಕೋಟೆಯಿಲ್ಲದವನನ್ನೇ.

ಗಡಿ ದಾಟಿದ ಪ್ರತಿಭೆ

೧೯೫೬ರ ಏಪ್ರಿಲ್ ೩ರಂದು ಸಿ.ಬಿ.ಸಿ. 'ಫ್ಲೈಟ್ ಇನ್‌ಟು ಡೇಂಜರ್' ಎಂಬ ನಾಟಕವನ್ನು ಪ್ರಸಾರ ಮಾಡಿತು. ವಿಷಾಹಾರದಿಂದ ವಿಮಾನದ ಚಾಲಕರಿಬ್ಬರೂ ಅಸ್ವಸ್ಥರಾದಾಗ ಪ್ರಯಾಣಿಕನೊಬ್ಬ ವಿಮಾನವನ್ನು ಇಳಿಸಬೇಕಾಗಿ ಬರುವ ಕಥೆ. ಇದನ್ನು ಬರೆದ ಆರ್ಥರ್ ಹೇಲಿ ಅವರ ಕಾದಂಬರಿಗಳನ್ನು ನಮ್ಮ ವಾಚಕರಲ್ಲಿ ಅನೇಕರು ಓದಿರಬಹುದು. ಮರುವರ್ಷವೇ ಹಾಲಿವುಡ್ ಆ ಕಥೆಯನ್ನು ಚಲನಚಿತ್ರವಾಗಿಸಿತು. ಆಗ ಸಿ.ಬಿ.ಸಿ.ಯ ನಾಟಕ ವಿಭಾಗವನ್ನು ನಡೆಸುತ್ತಿದ್ದ ಟೊರಾಂಟೊದ ಸಿಡ್ನಿ ನ್ಯೂಮನ್ ಅವರು ೧೯೫೮ರಲ್ಲಿ ಇಂಗ್ಲೆಂಡಿಗೆ ಹೊರಟುಹೋದರು. ೧೯೬೩ರಲ್ಲಿ ಬಿ.ಬಿ.ಸಿ.ಯ ಪ್ರಖ್ಯಾತ 'ಡಾಕ್ಟರ್ ಹೂ' ಮಾಲಿಕೆಯ ಹುಟ್ಟಿಗೆ ಕಾರಣರಾದವರಲ್ಲಿ ಅವರು ಪ್ರಮುಖರು.

೧೯೬೬ರಲ್ಲಿ ಬಂದ 'ವೋಜೆಕ್' ಮಾಲಿಕೆಯ ಕಥೆಯೂ ಇಂಥದೇ. ಟೊರಾಂಟೊ ನಗರದಲ್ಲಿ ಸಂಭವಿಸುವ ಅಪಮೃತ್ಯುಗಳ ಕಾರಣವನ್ನು ವಿಚಾರಿಸುವ ವೈದ್ಯಾಧಿಕಾರಿ ಇದರ ನಾಯಕ. ಅಮೆರಿಕದ ಪತ್ತೇದಾರಿ ನಾಟಕದಲ್ಲಿ ಕೊಲೆಗಾರ ಸಿಕ್ಕಿದರೆ ಕಥೆ ಮುಗಿಯುತ್ತದೆ. ವೋಜೆಕ್ ಹುಡುಕುವುದು ಕೊಲೆಗಾರನನ್ನಲ್ಲ. ಒಂದು ಜೀವ ಹೋಗುವಂತೆ ಮಾಡಿದ ಸಮಾಜದ ಉದಾಸೀನವನ್ನು. ಮೊದಲ ಕಂತಿನಲ್ಲಿಯೇ, ನಗರಕ್ಕೆ ಬಂದ ಮೂಲನಿವಾಸಿ ತರುಣನೊಬ್ಬ ಸೆರೆಯ ಕೋಣೆಯಲ್ಲಿ ನೇಣು ಹಾಕಿಕೊಳ್ಳುತ್ತಾನೆ. ಅವನನ್ನು ಕೊಂದವರು ಯಾರು? ಈ ಪ್ರಶ್ನೆ ಪ್ರೇಕ್ಷಕರ ಊಟದ ಮೇಜಿನ ಮೇಲೆಯೇ ಬಂದು ಬಿದ್ದಿತು. ಮಾಲಿಕೆ ಜನಮನ್ನಣೆ ಗಳಿಸಿತು. ಆದರೆ ಎರಡು ಸರಣಿಗಳು, ಒಟ್ಟು ಇಪ್ಪತ್ತು ಕಂತುಗಳು ಮುಗಿದ ಮೇಲೆ ನಾಯಕ ನಟ ಜಾನ್ ವರ್ನನ್ ಹಾಲಿವುಡ್ಡಿಗೆ ತೆರಳಿದರು. ಬೆಳೆದ ಮಗ ದೊಡ್ಡ ಪಟ್ಟಣ ಸೇರಿದರೆ ತಂದೆತಾಯಿಗಳಿಗೆ ಹೆಮ್ಮೆಯೂ ಹೌದು, ಮನೆ ಬರಿದಾದ ಸಂಕಟವೂ ಹೌದು.

ದಿಮ್ಮಿ ಹುಡುಕುವ ನಿಕ್

೧೯೭೨ರಲ್ಲಿ ಪಶ್ಚಿಮ ತೀರದಿಂದ ಹೊಸ ಗಾಳಿಯೊಂದು ಬೀಸಿತು. ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಗಿಬ್ಸನ್ಸ್ ಎಂಬ ಸಣ್ಣ ಬಂದರಿನಲ್ಲಿ ಚಿತ್ರಿತವಾದ 'ದಿ ಬೀಚ್‌ಕೋಂಬರ್ಸ್' ಆಗ ಆರಂಭವಾಯಿತು. ಆ ತೀರದಲ್ಲಿ ಕಡಿದ ಮರದ ದಿಮ್ಮಿಗಳನ್ನು ತೆಪ್ಪದಂತೆ ಕಟ್ಟಿ ಕಡಲಿನಲ್ಲಿ ಎಳೆದೊಯ್ಯುತ್ತಾರೆ. ಬಿರುಗಾಳಿಗೆ ಕಟ್ಟು ಬಿಚ್ಚಿ ತೇಲಿಹೋದ ದಿಮ್ಮಿಗಳನ್ನು ದೋಣಿಗಳಲ್ಲಿ ಹೋಗಿ ಹಿಡಿದು ತಂದು ಜೀವನ ಸಾಗಿಸುವವರ ಕಥೆ ಇದು.

ನಾಯಕ ನಿಕ್ ಅಡೊನಿದಾಸ್ ಗ್ರೀಸಿನಿಂದ ಬಂದು ನೆಲಸಿದವನು. ಅವನ ಪಾತ್ರ ವಹಿಸಿದ ಬ್ರೂನೊ ಜೆರೂಸಿ ಇಟಲಿಯಿಂದ ವಲಸೆ ಬಂದ ದಂಪತಿಗಳ ಮಗ. ಷೇಕ್ಸ್‌ಪಿಯರನ ರೋಮಿಯೋ ಪಾತ್ರವನ್ನು ರಂಗದ ಮೇಲೆ ಆಡಿದ್ದ ನುರಿತ ನಟ. ನಿಕ್‌ನ ಜೊತೆಗಾರ ಜೆಸಿ ಜಿಮ್ ಆ ತೀರದ ಮೂಲನಿವಾಸಿ ತರುಣ. ಆ ಪಾತ್ರವನ್ನು ಮಾಡಿದ ಪ್ಯಾಟ್ ಜಾನ್ ಕೂಡ ಆ ತೀರದ ಶಿಶಾಲ್ಹ್ ಸಮುದಾಯದವರೇ. ಮಾಲಿ ಎಂಬ ವೃದ್ಧೆಯ ಉಪಾಹಾರ ಗೃಹದಲ್ಲಿ ಇವರೆಲ್ಲ ಸೇರುತ್ತಾರೆ. ರೆಲಿಕ್ ಎಂಬ ಪ್ರತಿಸ್ಪರ್ಧಿ ಕುತಂತ್ರ ಹೂಡುತ್ತಾನೆ. ಪಿಸ್ತೂಲು ಗುಡುಗುವುದಿಲ್ಲ, ಊರಿಗೆ ಊರೇ ಸುಡುವುದಿಲ್ಲ. ದಿಮ್ಮಿಯೊಂದು ಯಾರ ಪಾಲಾಗಬೇಕು ಎಂಬುದೇ ಅಲ್ಲಿಯ ಮಹಾಯುದ್ಧ.

ವಿಮರ್ಶಕರಲ್ಲಿ ಕೆಲವರು ಇದನ್ನು ಮಕ್ಕಳಾಟವೆಂದರೂ ಕುಟುಂಬಗಳು ಭಾನುವಾರದ ಸಂಜೆ ಒಟ್ಟಿಗೆ ಕುಳಿತು ನೋಡಿದವು. ೧೯೯೦ರವರೆಗೆ ೩೮೭ ಕಂತುಗಳು ಸಾಗಿದವು. ವಲಸೆಗಾರನೂ ಮೂಲನಿವಾಸಿಯೂ ಒಂದೇ ದೋಣಿಯಲ್ಲಿ ಸಮಾನರಾಗಿ ಕುಳಿತ ಆ ಚಿತ್ರ, ದೇಶ ತನ್ನನ್ನು ಹೇಗೆ ಕಾಣಬಯಸುತ್ತಿತ್ತೋ ಹಾಗೆಯೇ ಇತ್ತು. ವಾಸ್ತವದಲ್ಲಿ ದೇಶ ಹಾಗಿತ್ತೆ? ಈ ಪ್ರಶ್ನೆಗೆ ಉತ್ತರ ಹೇಳಲು ಇನ್ನೊಂದು ನಾಟಕ ಬರಬೇಕಾಯಿತು.

ಮೊದಲೇ ಇದ್ದವರ ದನಿ

೧೯೯೨ರಿಂದ ೧೯೯೭ರವರೆಗೆ ನಡೆದ 'ನಾರ್ತ್ ಆಫ್ ಸಿಕ್ಸ್ಟಿ' ಮಾಲಿಕೆಯ ಕಥೆ ಉತ್ತರದ ಹಿಮಪ್ರದೇಶದಲ್ಲಿ ಕಲ್ಪಿಸಿದ ಲಿಂಕ್ಸ್ ರಿವರ್ ಎಂಬ ಹಳ್ಳಿಯದು. ಹಳ್ಳಿಯ ಬಹುತೇಕ ಜನ ಮೂಲನಿವಾಸಿಗಳು. ಬಿಳಿಯ ನಾಯಕನ ಪಕ್ಕದಲ್ಲಿ ನಿಲ್ಲುವ ಜೊತೆಗಾರರಾಗಿ ಅವರು ಇಲ್ಲಿ ಬರುವುದಿಲ್ಲ, ಕಥೆಯೇ ಅವರದು. ಪೊಲೀಸ್ ಅಧಿಕಾರಿಣಿ ಮಿಶೆಲ್ ಕೆನಿಡಿ ಕುಡಿತದ ಚಟವನ್ನು ಗೆದ್ದು ಎದ್ದು ನಿಂತವಳು. ಅವಳ ಅಣ್ಣ ಹಳ್ಳಿಯ ಮುಖಂಡ. ಅವರಿಬ್ಬರ ಬೆನ್ನಿಗೂ ಬಾಲ್ಯದ ವಸತಿಶಾಲೆಯ ನೆನಪು ಅಂಟಿಕೊಂಡಿದೆ.

ಆ ವಸತಿಶಾಲೆಗಳ ಸಂಗತಿ ನಮ್ಮ ವಾಚಕರಿಗೆ ತಿಳಿದಿರಬೇಕು. ನೂರಕ್ಕೂ ಹೆಚ್ಚು ವರ್ಷಗಳ ಕಾಲ ಸರಕಾರದ ಹಣದಿಂದ, ಕ್ರೈಸ್ತ ಧರ್ಮಸಂಸ್ಥೆಗಳ ಆಡಳಿತದಲ್ಲಿ ನಡೆದ ಈ ಶಾಲೆಗಳಿಗೆ ಸುಮಾರು ಒಂದೂವರೆ ಲಕ್ಷ ಮೂಲನಿವಾಸಿ ಮಕ್ಕಳನ್ನು ತಾಯ ಮಡಿಲಿನಿಂದ ಬಿಡಿಸಿ ಒಯ್ದರು. ಅಲ್ಲಿ ತಾಯ್ನುಡಿ ಆಡಿದರೆ ಶಿಕ್ಷೆ. ಸಾವಿರಾರು ಮಕ್ಕಳು ಮನೆಗೆ ಮರಳಲೇ ಇಲ್ಲ. ಕೊನೆಯ ಶಾಲೆ ಮುಚ್ಚಿದ್ದು ೧೯೯೦ರ ದಶಕದಲ್ಲಿ. ಅಂದರೆ, ಈ ನಾಟಕ ಪ್ರಸಾರವಾಗುತ್ತಿದ್ದ ಕಾಲದಲ್ಲಿಯೇ! ಸರಕಾರ ಬಾಯಿ ತೆರೆಯುವ ಎಷ್ಟೋ ವರ್ಷಗಳ ಮೊದಲು ಆ ನೋವು ವಾರವಾರವೂ ದೇಶದ ನಡುಮನೆಗೆ ಬಂದು ಕುಳಿತಿತು. ಮಿಶೆಲ್ ಪಾತ್ರ ವಹಿಸಿದ ಟೀನಾ ಕೀಪರ್ ಸ್ವತಃ ಕ್ರೀ ಜನಾಂಗದವರು. ೨೦೦೬ರಲ್ಲಿ ಅವರು ಪಾರ್ಲಿಮೆಂಟಿಗೆ ಚುನಾಯಿತರಾದರು. ೨೦೦೮ರ ಜೂನ್ ೧೧ರಂದು ಪ್ರಧಾನಿ ಸ್ಟೀಫನ್ ಹಾರ್ಪರ್ ಅವರು ವಸತಿಶಾಲೆಗಳ ಅನ್ಯಾಯಕ್ಕಾಗಿ ದೇಶದ ಪರವಾಗಿ ಕ್ಷಮೆ ಕೇಳಿದಾಗ ಕೀಪರ್ ಅದೇ ಸಭೆಯ ಸದಸ್ಯೆಯಾಗಿದ್ದರು.

ಅಂಗಡಿಯ ಬಾಗಿಲಲ್ಲಿ

೧೯೭೧ರಲ್ಲಿ ಕೆನಡಾ ಸರಕಾರ ಬಹುಸಂಸ್ಕೃತಿಯನ್ನು ತನ್ನ ನೀತಿಯೆಂದು ಸಾರಿತು. ಬಂದವರೆಲ್ಲ ಒಂದೇ ಎರಕದಲ್ಲಿ ಕರಗಬೇಕಾಗಿಲ್ಲ. ತಮ್ಮ ನುಡಿ, ನಡೆಗಳನ್ನು ಉಳಿಸಿಕೊಂಡೇ ಕೆನಡಾದವರಾಗಬಹುದು ಎಂದು ಅದರ ತಾತ್ಪರ್ಯ. ಇದಕ್ಕೆ ಮೊದಲು ಮುಖ ಕೊಟ್ಟವನು 'ಕಿಂಗ್ ಆಫ್ ಕೆನ್ಸಿಂಗ್ಟನ್' ಎಂಬ ಹಾಸ್ಯ ಮಾಲಿಕೆಯ ಲ್ಯಾರಿ ಕಿಂಗ್. ೧೯೭೫ರಿಂದ ೧೯೮೦ರವರೆಗೆ ಆಲ್ ವ್ಯಾಕ್ಸ್‌ಮನ್ ನಟಿಸಿದ ಈ ಪಾತ್ರ, ಟೊರಾಂಟೊದ ಕೆನ್ಸಿಂಗ್ಟನ್ ಪೇಟೆಯಲ್ಲಿ ಅಂಗಡಿಯಿಟ್ಟ ಯಹೂದಿಯದು. ನಾನಾ ದೇಶಗಳಿಂದ ಬಂದವರು ಅವನ ಗಿರಾಕಿಗಳು, ಗೆಳೆಯರು. ಊರಿನ ತಂಟೆಗಳೆಲ್ಲ ಅವನ ಗಲ್ಲಾಪೆಟ್ಟಿಗೆಯ ಮುಂದೆಯೇ ತೀರ್ಮಾನವಾಗಬೇಕು. ವ್ಯಾಕ್ಸ್‌ಮನ್ ೨೦೦೧ರಲ್ಲಿ ತೀರಿಕೊಂಡ ಬಳಿಕ ಆ ಪೇಟೆಯ ಉದ್ಯಾನದಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಿದರು.

ನಲವತ್ತು ವರ್ಷಗಳ ಅನಂತರ ಟೊರಾಂಟೊದ ಇನ್ನೊಂದು ಅಂಗಡಿ ಬಾಗಿಲು ತೆರೆಯಿತು. 'ಕಿಮ್ಸ್ ಕನ್ವೀನಿಯೆನ್ಸ್' ಮಾಲಿಕೆ ೨೦೧೬ರಲ್ಲಿ ಆರಂಭವಾಗಿ ೨೦೨೧ರವರೆಗೆ ನಡೆಯಿತು. ಇನ್ಸ್ ಚೋಯ್ ಅವರ ರಂಗನಾಟಕ ಇದರ ಮೂಲ. ಕೊರಿಯಾದಿಂದ ಬಂದು ದಿನಸಿ ಅಂಗಡಿ ಇಟ್ಟ ತಂದೆ, ಅವನೊಡನೆ ಮಾತು ಬಿಟ್ಟ ಮಗ, ತನ್ನ ದಾರಿ ಹುಡುಕುವ ಮಗಳು, ನಡುವೆ ಎಲ್ಲರನ್ನೂ ಸಂಭಾಳಿಸುವ ತಾಯಿ. ಟೊರಾಂಟೊ, ಬ್ರಾಂಪ್ಟನ್, ಮಿಸ್ಸಿಸಾಗಾಗಳಲ್ಲಿ ನೆಲಸಿರುವ ನಮ್ಮ ಕನ್ನಡ ಕುಟುಂಬಗಳಿಗೂ ಈ ಮನೆ ಅಪರಿಚಿತವೆನಿಸಲಾರದು. ಆದರೆ ಮಾಲಿಕೆ ಮುಗಿದ ಮೇಲೆ ಅದರ ನಟರಲ್ಲಿ ಕೆಲವರು ಬಹಿರಂಗವಾಗಿ ಒಂದು ಮಾತು ಹೇಳಿದರು: ಪರದೆಯ ಮೇಲೆ ನಾವಿದ್ದೆವು, ಕಥೆ ಬರೆಯುವ ಕೋಣೆಯಲ್ಲಿ ನಮ್ಮವರು ಸಾಕಷ್ಟು ಇರಲಿಲ್ಲ ಎಂದು. ತಮ್ಮ ಕಥೆಯನ್ನು ನೆರೆಯ ಆನೆ ಹೇಳಬಾರದೆಂದು ಹೋರಾಡಿದ ದೇಶದೊಳಗೇ, ನಮ್ಮ ಕಥೆಯನ್ನು ನಾವೇ ಹೇಳಬೇಕೆನ್ನುವ ಅದೇ ಕೂಗು ಮತ್ತೆ ಎದ್ದಿತು. ಇದು ಯೋಚಿಸತಕ್ಕ ಸಂಗತಿ.

ನಗುವೇ ಗುರುತು

ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳುವ ಸ್ವಭಾವವೂ ಈ ದೇಶದ ಒಂದು ಗುರುತು. ೧೯೯೪ರ 'ಡ್ಯೂ ಸೌತ್' ಮಾಲಿಕೆಯಲ್ಲಿ ಕೆಂಪು ಅಂಗಿಯ ಕೆನಡಾ ಪೊಲೀಸನೊಬ್ಬ ಅಮೆರಿಕದ ಷಿಕಾಗೊ ನಗರಕ್ಕೆ ಹೋಗಿ, ಕಳ್ಳರೊಡನೆಯೂ ವಿನಯದಿಂದ ಮಾತನಾಡುತ್ತಾನೆ. ಅವನ ಜೊತೆಗಿರುವ ಕಿವುಡು ತೋಳಕ್ಕೆ ಮಾಜಿ ಪ್ರಧಾನಿ ಡೀಫನ್‌ಬೇಕರ್ ಅವರ ಹೆಸರು! ಇನ್ನೂ ಸ್ವಾರಸ್ಯವೆಂದರೆ, ತೆರೆಯ ಮೇಲಿನ ಷಿಕಾಗೊ ನಿಜವಾಗಿ ಟೊರಾಂಟೊ. ಅಮೆರಿಕದ ಎಷ್ಟೋ ಚಿತ್ರಗಳಲ್ಲಿ ನ್ಯೂಯಾರ್ಕಿನ ವೇಷ ಧರಿಸಿ ನಿಲ್ಲುವುದು ಈ ನಗರಕ್ಕೆ ರೂಢಿಯೇ ಆಗಿಹೋಗಿದೆ.

ವೇಷ ಹಾಕದೆ ನಿಂತದ್ದು ೨೦೦೪ರಲ್ಲಿ ಬಂದ 'ಕಾರ್ನರ್ ಗ್ಯಾಸ್'. ಸಸ್ಕಾಚುವಾನ್ ಪ್ರಾಂತದ ಬಯಲುನಾಡಿನಲ್ಲಿ, ಡಾಗ್ ರಿವರ್ ಎಂಬ ಕಲ್ಪಿತ ಊರಿನಲ್ಲಿ ಒಂದು ಪೆಟ್ರೋಲ್ ಬಂಕು, ಅದಕ್ಕೆ ಅಂಟಿದ ಒಂದು ಕಾಫಿ ಹೋಟೆಲು. ಅಲ್ಲಿ ಏನೂ ನಡೆಯುವುದಿಲ್ಲ. ಜನ ಮಾತನಾಡುತ್ತಾರೆ, ಅಷ್ಟೆ. ಇಂಥದನ್ನು ಯಾರು ನೋಡಿಯಾರು ಎಂದವರ ಲೆಕ್ಕ ತಪ್ಪಿತು. ವಾರವಾರವೂ ಹತ್ತು ಲಕ್ಷಕ್ಕೂ ಮೀರಿದ ಜನರು ನೋಡಿದರು. ೨೦೦೯ರವರೆಗೆ ೧೦೭ ಕಂತುಗಳು ನಡೆದವು. ಇದನ್ನು ತೋರಿಸಿದ್ದು ಸರಕಾರದ ನಿಗಮವಲ್ಲ, ಸಿ.ಟಿ.ವಿ. ಎಂಬ ಖಾಸಗಿ ಜಾಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಸ್ವಂತ ಕಥೆ ಎಂದಿಗೂ ನಷ್ಟದ ಬಾಬೇ ಆಗಿರಬೇಕೆಂಬ ನಿಯಮವೇನೂ ಇಲ್ಲ.

ಏರಿಯಲ್ ಎತ್ತ ತಿರುಗಲಿ?

ಮಾಡಿನ ಮೇಲಿನ ಏರಿಯಲ್ಲಿನ ಕಾಲ ಬಹುಮಟ್ಟಿಗೆ ಕಳೆದಿದೆ. ಗಡಿಯ ಅರಿವೇ ಇಲ್ಲದ ಅಂತರ್ಜಾಲದ ಮೂಲಕ ಜಗತ್ತಿನ ನಾಟಕಗಳೆಲ್ಲ ಇಂದು ಅಂಗೈಗೆ ಬರುತ್ತವೆ. ೧೯೬೮ರಲ್ಲಿ ಪ್ರಸಾರದ ಮೇಲ್ವಿಚಾರಣೆಗೆ ಪ್ರತ್ಯೇಕ ಮಂಡಲಿಯನ್ನು ಸ್ಥಾಪಿಸಿ, ಕೇಂದ್ರಗಳು ಇಂತಿಷ್ಟು ಹೊತ್ತು ಸ್ವದೇಶದ ಕಾರ್ಯಕ್ರಮ ತೋರಿಸಲೇಬೇಕೆಂದು ಕಟ್ಟಳೆ ಮಾಡಿದ ಕೆನಡಾ, ೨೦೨೩ರ ಏಪ್ರಿಲಿನಲ್ಲಿ ಅಂತರ್ಜಾಲದ ಪ್ರಸಾರ ಸಂಸ್ಥೆಗಳನ್ನೂ ಆ ಮಂಡಲಿಯ ವ್ಯಾಪ್ತಿಗೆ ತರುವ ಕಾಯಿದೆಯನ್ನು ಅಂಗೀಕರಿಸಿತು. ಅದರ ಪರವಾಗಿಯೂ ವಿರೋಧವಾಗಿಯೂ ಬಿಸಿಬಿಸಿ ವಾದಗಳು ನಡೆದವು. ಅವು ೧೯೩೦ರಲ್ಲಿ ಆ ಇಬ್ಬರು ತರುಣರು ಎತ್ತಿದ ವಾದದ ಮೊಮ್ಮಕ್ಕಳೇ.

ಕಾಯಿದೆಯಿಂದ ನಾಟಕಕ್ಕೆ ಜಾಗ ದೊರೆಯಬಹುದು, ಪ್ರೀತಿ ದೊರೆಯಲಾರದು. ಪ್ಲೂಫ್ ತಾಯಿಯ ಅಡುಗೆಮನೆ, ನಿಕ್‌ನ ದೋಣಿ, ಲಿಂಕ್ಸ್ ರಿವರ್ ಹಳ್ಳಿ, ಕಿಮ್ ಅವರ ಅಂಗಡಿ, ಡಾಗ್ ರಿವರಿನ ಕಾಫಿ ಹೋಟೆಲು ಇವೆಲ್ಲವೂ ರಾಷ್ಟ್ರದ ಹೆಸರನ್ನು ಕೂಗಿ ಹೇಳಿದವುಗಳಲ್ಲ. ಒಂದು ಊರನ್ನು, ಒಂದು ಮನೆಯನ್ನು, ಅಲ್ಲಿಯ ಜನರ ಮಾತನ್ನು ಇದ್ದುದಿದ್ದಂತೆ ತೋರಿಸಲು ಹೊರಟವು, ಅಷ್ಟೆ. ನೋಡುತ್ತ ಕುಳಿತವರು, "ಅರೆ, ಇದು ನಮ್ಮ ಮನೆಯಲ್ಲವೆ!" ಎಂದರು. ಮತ್ತೆ ಕೆಲವರು, "ಇದರಲ್ಲಿ ನಾವೆಲ್ಲಿದ್ದೇವೆ?" ಎಂದು ಕೇಳಿದರು. ಈ ಎರಡು ಮಾತುಗಳಲ್ಲಿ ಯಾವುದು ನಿಂತುಹೋದರೂ ಮನೆ ಪೂರ್ತಿಯಾಗದು. ಆನೆಯ ಮಗ್ಗುಲಲ್ಲಿ ಮಲಗಿದವನು ನಿದ್ರೆಗೆಟ್ಟು ಆ ರಾತ್ರಿಯೆಲ್ಲ ತನ್ನ ಮನೆಯವರನ್ನು ಒಬ್ಬೊಬ್ಬರನ್ನಾಗಿ ಹೆಸರಿಟ್ಟು ಕರೆದು ಲೆಕ್ಕ ಹಾಕಿಕೊಂಡ. ಕೆನಡಾದ ಟೆಲಿವಿಷನ್ ನಾಟಕದ ಕಥೆ ಇಷ್ಟೆ. ಲೆಕ್ಕ ಇನ್ನೂ ಮುಗಿದಿಲ್ಲ.